ಶ್ರೀ ಪಕ್ಕದ ಖಾಲಿ ಮನೆ

ನಾನು ಹೆಚ್ಚು ಮಾತಾಡುವವನಲ್ಲ. ಬಸವೇಶ್ವರನಗರದಲ್ಲಿ ನಮ್ಮ ಬೀದಿಯ ಜನ ಇದನ್ನು ಜ್ಞಾನವೆಂದು ತಿಳಿದುಕೊಂಡದ್ದು ನನ್ನ ತಪ್ಪಲ್ಲ. ಎರಡು ವರ್ಷ ಅದನ್ನು ತಿದ್ದದೆ ಇದ್ದದ್ದು ಮಾತ್ರ ನನ್ನ ತಪ್ಪು.

ಬಿ.ಕಾಂ. ಮುಗಿಸಿ ಹಾವನೂರು ಸರ್ಕಲ್ ಹತ್ತಿರದ ಒಂದು ಷೇರು ದಲ್ಲಾಳಿ ಆಫೀಸಿಗೆ ಸೇರಿದ್ದೆ. ಖಾತೆ ತೆರೆಯುವವರ ಅರ್ಜಿಗೆ ಫೋಟೊ ಅಂಟಿಸುವುದು, ಪ್ಯಾನ್ ಕಾರ್ಡ್ ಜೆರಾಕ್ಸ್ ಮಾಡಿಸುವುದು, ಹದಿನೇಳು ಕಡೆ ಸಹಿ ಹಾಕಿಸುವುದು, ಮರೆತ ಹದಿನೆಂಟನೆಯದಕ್ಕಾಗಿ ಮತ್ತೆ ಅವರ ಮನೆ ಹುಡುಕಿಕೊಂಡು ಹೋಗುವುದು ನನ್ನ ಕೆಲಸ. ಆದರೆ ನಮ್ಮ ಬಾಸ್ ಖರ್ಚು ಉಳಿಸಲು ಎಲ್ಲರ ವಿಸಿಟಿಂಗ್ ಕಾರ್ಡನ್ನೂ ಒಂದೇ ಅಚ್ಚಿನಲ್ಲಿ ಮಾಡಿಸಿದ್ದರು. ಹೆಸರು ಮಾತ್ರ ಬೇರೆ, ಕೆಳಗೆ ಎಲ್ಲರಿಗೂ ‘ಇಕ್ವಿಟಿ ರಿಸರ್ಚ್’. ಬಾಡಿಗೆ ಮನೆ ಕೇಳಲು ಹೋದಾಗ ಆ ಕಾರ್ಡನ್ನು ಓನರ್ ವೆಂಕಟರಮಣಪ್ಪನವರ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ಓದಿ, ರಿಸರ್ಚ್ ಅಂದರೆ ಕಂಪನಿಗಳ ಹೊಟ್ಟೆಯೊಳಗೆ ಏನಿದೆ ಎಂದು ನೋಡುವುದು ತಾನೆ ಎಂದು ಕೇಳಿದರು. ನಾನು ಸುಮ್ಮನಿದ್ದೆ. ಅವರು ಅಡ್ವಾನ್ಸಿನಲ್ಲಿ ಐದು ಸಾವಿರ ಬಿಟ್ಟುಕೊಟ್ಟರು.

ನನ್ನ ಕೀರ್ತಿಯನ್ನು ಬೀದಿಗೆ ತಂದವರು ಹಲ್ಲಿನ ಡಾಕ್ಟರು. ವೆಂಕಟರಮಣಪ್ಪನವರ ಕಟ್ಟಡದಲ್ಲಿ ಆರು ಪೋರ್ಷನ್‌ಗಳಿದ್ದವು. ಮುಂದಿನದರಲ್ಲಿ ಡಾಕ್ಟರ ಕ್ಲಿನಿಕ್, ಮಹಡಿಯ ಹಿಂಭಾಗದಲ್ಲಿ ನಾನು. ಒಂದು ಸಂಜೆ ನನ್ನ ದವಡೆ ಹಲ್ಲು ಕೊರೆಯುತ್ತ ಅವರು, ಮಾರ್ಕೆಟ್ ಬೀಳುತ್ತದೆಯೇ ಎಂದು ಕೇಳಿದರು. ನನ್ನ ಬಾಯಲ್ಲಿ ಹತ್ತಿ, ಒಂದು ಪೈಪು ಮತ್ತು ಅವರ ಎರಡು ಬೆರಳುಗಳಿದ್ದವು. ನೋವಿಗೆ ಕಣ್ಣು ಮುಚ್ಚಿದೆ. ಅವರು ಮರುದಿನ ತಮ್ಮ ಷೇರುಗಳಲ್ಲಿ ಅರ್ಧ ಮಾರಿದರು. ಮೂರನೇ ದಿನ ಮಾರ್ಕೆಟ್ ಬಿತ್ತು. ಆ ಹಲ್ಲಿಗೆ ಅವರು ಫೀಸು ಮುಟ್ಟಲಿಲ್ಲ.

ಅಲ್ಲಿಂದ ಮುಂದೆ ಜನ ಮೆಟ್ಟಿಲು ಹತ್ತಿ ಬರತೊಡಗಿದರು. ಷೇರು ಬಿಡಿ, ಮಗುವನ್ನು ಯಾವ ಸ್ಕೂಲಿಗೆ ಹಾಕುವುದು, ಬೋರ್‌ವೆಲ್ ಇನ್ನೂ ಇನ್ನೂರು ಅಡಿ ಇಳಿಸುವುದೇ ಬೇಡವೇ, ಎಲ್ಲ ಕೇಳಿದರು. ನಾನು ಗೋಡೆಯ ಕಡೆ ನೋಡುತ್ತಿದ್ದೆ. ಪ್ರತಿಯೊಬ್ಬರೂ ತಾವು ಮನೆಯಿಂದ ತಂದಿದ್ದ ಉತ್ತರವನ್ನೇ ನನ್ನಿಂದ ಪಡೆದುಕೊಂಡು ಸಂತೋಷವಾಗಿ ಇಳಿದು ಹೋಗುತ್ತಿದ್ದರು.

ಇದೆಲ್ಲ ನಿರಪಾಯವಾಗಿಯೇ ನಡೆದಿತ್ತು, ಎರಡು ಸಾವಿರದ ಏಳರ ದೀಪಾವಳಿಯವರೆಗೆ. ಆಗ ವೆಂಕಟರಮಣಪ್ಪನವರ ತಾಯಿ ಲಕ್ಷ್ಮಿದೇವಮ್ಮನವರ ಮಲ್ಲತ್ತಹಳ್ಳಿಯ ಸೈಟು ಮಾರಾಟವಾಯಿತು.

ಆ ಸೈಟಿನ ಚರಿತ್ರೆ ಬೀದಿಗೆಲ್ಲ ಗೊತ್ತು. ಇಲ್ಲೆಲ್ಲ ಹೊಲವಿದ್ದಾಗ ಲಕ್ಷ್ಮಿದೇವಮ್ಮ ಹನ್ನೊಂದು ಹಸು ಕಟ್ಟಿ, ಮೂವತ್ತು ವರ್ಷ ಮನೆಮನೆಗೆ ಹಾಲು ಹಾಕಿ, ಗಂಡನ ಕೈಗೆ ಒಂದು ಕಾಸೂ ಸಿಗದಂತೆ ಕೂಡಿಟ್ಟು ಕೊಂಡದ್ದು. ಈಗ ಹದಿನೆಂಟು ಲಕ್ಷ ಬಂದಿತ್ತು. ಎಂಬತ್ತು ವರ್ಷದ ಆಕೆ ಮಗನಿಗೆ ಹೇಳಿದ್ದು ಒಂದೇ ಮಾತು: ದುಡ್ಡು ಹಸುವಿನ ಹಾಗಿರಬೇಕು, ನಿಂತಲ್ಲೇ ಹಾಲು ಕೊಡಬೇಕು. ಮಗನಿಗೆ ಇದು ಷೇರು ಎಂದು ಕೇಳಿಸಿತು. ಆ ವರ್ಷ ಬೆಂಗಳೂರಿನಲ್ಲಿ ಯಾರು ಏನು ಹೇಳಿದರೂ ಹಾಗೇ ಕೇಳಿಸುತ್ತಿತ್ತು.

ಯಾವ ಷೇರು ಎಂಬುದನ್ನು ವೆಂಕಟರಮಣಪ್ಪನವರ ಹೆಂಡತಿಯ ಅಣ್ಣ ಮುನಿವೆಂಕಟಪ್ಪ ನಿರ್ಧರಿಸಿಬಿಟ್ಟಿದ್ದರು. ಕಾಮಾಕ್ಷಿಪಾಳ್ಯದವರು, ಸರ್ವೆ ಆಫೀಸಿನಿಂದ ನಿವೃತ್ತರಾದವರು, ಬಾಯಿಮಾತನ್ನು ಜೀವಮಾನದಲ್ಲಿ ನಂಬದವರು. ಅವರ ಆಯ್ಕೆ ಹೇಮಾದ್ರಿ ಸ್ಟೀಲ್ಸ್. ಕಾರಣ, ಅವರ ಮನೆಯ ತಾರಸಿ ಮೋಲ್ಡಿಂಗ್‌ಗೆ ಹಾಕಿದ್ದು ಹೇಮಾದ್ರಿ ಕಂಬಿ, ಮೋಲ್ಡಿಂಗ್ ಇನ್ನೂ ಬಿದ್ದಿರಲಿಲ್ಲ. ಆದರೂ ತಂಗಿಯ ಗಂಡನ ಮುಂದೆ ದಾಖಲೆ ಇಲ್ಲದೆ ಹೆಜ್ಜೆ ಇಡಬಾರದೆಂದು ಅವರು ಹಟ ಹಿಡಿದರು. ಕಂಪನಿಯ ಕೈಯಲ್ಲಿ ವರ್ಷ ವರ್ಷ ನಿಜವಾಗಿ ಉಳಿದ ದುಡ್ಡೆಷ್ಟು, ಅದರ ಎಂಟು ವರ್ಷದ ಪಹಣಿ ಬೇಕು ಎಂದರು.

ವೆಂಕಟರಮಣಪ್ಪನವರು ನನ್ನತ್ತ ಬೆರಳು ತೋರಿಸಿದರು. ನಾನು ಸುಮ್ಮನಿದ್ದೆ. ಬುಧವಾರ ಬೆಳಿಗ್ಗೆ ಇಬ್ಬರೂ ಆಫೀಸಿಗೆ ಬರುವುದೆಂದು ತೀರ್ಮಾನವಾಯಿತು.

ಮಂಗಳವಾರ ಸಂಜೆ ನಾನು ಅಮರೇಶನ ಕಾಲು ಹಿಡಿದೆ. ಲಿಂಗಸುಗೂರಿನವನು, ನಮ್ಮ ಆಫೀಸಿನಲ್ಲಿ ಕಾರ್ಡಿನ ಮಾತಿಗೆ ತಕ್ಕ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ. ಅವನ ಕಂಪ್ಯೂಟರಿನ ಎಕ್ಸೆಲ್‌ಗೆ ಯಾವುದೋ ಸಿ.ಡಿ.ಯಿಂದ ಒಂದು ಹೆಚ್ಚಿನ ಸಾಫ್ಟ್‌ವೇರ್ ಹಾಕಿದ್ದರು. ಒಂದು ಫಾರ್ಮುಲಾ ಬರೆದರೆ ಹಳೆಯ ವರ್ಷಗಳ ಲೆಕ್ಕವೆಲ್ಲ ತಾನೇ ಬಂದು ಕೂರುತ್ತಿತ್ತು.

“ಇಷ್ಟ ನೋಡಪಾ,” ಎಂದ ಅಮರೇಶ. “ಇದು ಚೌಕಾಬಾರದ ಮನಿ ಇದ್ದಂಗ. ಎಡಕ್ಕ ಕಂಪನಿ ಹೆಸರು, ಮ್ಯಾಲಿನ ಸಾಲಿನ್ಯಾಗ ವರ್ಷ. ಈಕ್ವಲ್ ಹಾಕಿ ಎಫ್‌ಸಿಎಫ್ ಅಂತ ಬರಿ, ಅಂದ್ರ ಕೈಯಾಗ ಉಳದ ರೊಕ್ಕ, ಹೆಸರಿನ ಮನಿ ತೋರ್ಸು, ವರ್ಷದ ಮನಿ ತೋರ್ಸು, ಎಂಟರ್ ಹೊಡಿ. ಉಳದಿದ್ದು ಮೌಸ್ ಹಿಡದು ಜಗ್ಗು. ಮತ್ತೇನೂ ಮುಟ್ಟಬ್ಯಾಡ.”

ಮತ್ತೇನೂ ಮುಟ್ಟಬೇಡ ಎಂಬುದನ್ನು ಅವನು ಎರಡು ಸಲ ಹೇಳಿದ. ಇದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಬುಧವಾರ ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ನನ್ನ ಹಿಂದೆ ಕುಳಿತರು. ಅಮರೇಶ ಯಾರದೋ ಸಹಿಗೆ ಹೋಗಿದ್ದ, ನನ್ನ ಬದಲಿಗೆ. ಹತ್ತು ಕಂಪನಿಗಳ ಹೆಸರು ಎಡಗಡೆ ಸಾಲಾಗಿದ್ದವು: ಮೊದಲು ಅಮೃತಕಲಶ ಆಯಿಲ್ಸ್, ನಡುವೆ ಹೇಮಾದ್ರಿ ಸ್ಟೀಲ್ಸ್, ಅದರ ಕೆಳಗೆ ಹೇರಂಬ ಪಂಪ್ಸ್, ಕೊನೆಯಲ್ಲಿ ವಜ್ರಕಾಯ ಟೈರ್ಸ್. ನಾನು ಒಂದೇ ಬೆರಳಿನಲ್ಲಿ ಫಾರ್ಮುಲಾ ಒತ್ತಿ, ಎಂಟರ್ ಹೊಡೆದು, ಮೌಸ್ ಹಿಡಿದು ಎಳೆದೆ. ಎಂಬತ್ತು ಮನೆಗಳಲ್ಲಿ ಎಂಬತ್ತು ಅಂಕಿಗಳು ಬಂದು ಕುಳಿತವು.

ಮುನಿವೆಂಕಟಪ್ಪ ಕುರ್ಚಿಯಿಂದ ಎದ್ದು ನಿಂತರು. ತಮ್ಮ ಆಫೀಸಿನಲ್ಲಿ ಇಷ್ಟು ಹಳೆಯ ದಾಖಲೆ ತೆಗೆಯಲು ಮೂರು ಅರ್ಜಿ, ಒಂಬತ್ತು ಓಡಾಟ ಮತ್ತು ರೆಕಾರ್ಡ್ ರೂಮಿನವನಿಗೆ ಎರಡು ಮಸಾಲೆ ದೋಸೆ ಬೇಕಾಗುತ್ತಿತ್ತು ಎಂದು ಕಣ್ಣು ತುಂಬಿಕೊಂಡು ಹೇಳಿದರು. ಈ ಹುಡುಗ ಯಾರಿಗೂ ದೋಸೆ ಕೊಡಿಸದೆ ತೆಗೆದ ಎಂದರು.

ಪ್ರಿಂಟ್ ತೆಗೆದು ವೆಂಕಟರಮಣಪ್ಪನವರಿಗೆ ಕೊಟ್ಟೆ. ಅವರು ಎರಡೂ ಕೈ ಚಾಚಿದವರು, ಕಾಗದದ ನೆತ್ತಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

“ಶ್ರೀ ಎಲ್ಲಿ ಗೋಪೀನಾಥ್?”

ನನಗೆ ಅರ್ಥವಾಗಲಿಲ್ಲ.

“ಮೇಲೆ ಶ್ರೀ ಇಲ್ವಲ್ಲಪ್ಪ. ನಮ್ಮಮ್ಮ ಬೂಸಾ ಚೀಟಿನೂ ಶ್ರೀ ಇಲ್ದೆ ಬರ್ಸಿದೋಳಲ್ಲ. ಇದನ್ನ ತಗೊಂಡೋದ್ರೆ ಒಲೆಗೆ ಹಾಕ್ತಾಳೆ.”

ಶ್ರೀ ಇಲ್ಲದ ಲೆಕ್ಕವನ್ನು ಓದಲೂ ಬಾರದೆಂದು ಮುನಿವೆಂಕಟಪ್ಪ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು. ಆಮೇಲೆ, ಬಿಳಿ ಕಾಗದ ವ್ಯರ್ಥವಾಗಬಾರದೆಂಬ ಸರ್ಕಾರಿ ಶಿಸ್ತಿನಿಂದ, ಅದರ ಬೆನ್ನಿಗೆ, ಶುಕ್ರವಾರ ಚೆಕ್ಕು ಕೊಡುವ ಮುಂಚೆ ಮಾಡಬೇಕಾದ ಪೂಜೆಯ ಸಾಮಾನಿನ ಪಟ್ಟಿ ಬರೆಯತೊಡಗಿದರು. ಮೊದಲು ಶ್ರೀ ಬರೆದರು.

ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಮೇಲಿನ ಸಾಲಿನಲ್ಲಿ ವರ್ಷಗಳಿದ್ದವು. ಅವನ್ನು ಮುಟ್ಟುವ ಧೈರ್ಯವಿರಲಿಲ್ಲ. ಹಾಗಾಗಿ ಅದರ ಕೆಳಗೆ, ಹೆಸರುಗಳ ನೆತ್ತಿಯ ಮೇಲೆ ಶ್ರೀ ಕೂರಿಸೋಣವೆಂದು ಅಮೃತಕಲಶದ ಮೇಲೆ ಕ್ಲಿಕ್ ಮಾಡಿ ಜಾಗ ಕೇಳಿದೆ. ಕಂಪ್ಯೂಟರ್ ಒಂದು ಪುಟ್ಟ ಪೆಟ್ಟಿಗೆ ತೆರೆದು, ಈ ಮನೆಯಷ್ಟೇ ಸರಿಯಬೇಕೆ, ಇಡೀ ಸಾಲೇ ಎಂಬಂಥ ನಾಲ್ಕು ಪ್ರಶ್ನೆ ಮುಂದಿಟ್ಟಿತು. ಕೇಳಿದವರಿಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಅದು ತಾನೇ ಆರಿಸಿಟ್ಟಿದ್ದಕ್ಕೆ ಸರಿ ಎಂದೆ. ಹೆಸರುಗಳು ಒಂದು ಮೆಟ್ಟಿಲು ಕೆಳಗಿಳಿದು ದಾರಿ ಬಿಟ್ಟವು. ಬಂದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಶ್ರೀ ಎಂದು ಬರೆದು ಪ್ರಿಂಟ್ ತೆಗೆದೆ.

ಈ ಪ್ರತಿಯನ್ನು ವೆಂಕಟರಮಣಪ್ಪನವರು ಕಣ್ಣಿಗೊತ್ತಿಕೊಂಡರು. ಹೇಮಾದ್ರಿ ಸ್ಟೀಲ್ಸ್ ಮುಂದೆ ಎಂಟು ವರ್ಷವೂ ಏರುತ್ತ ಹೋದ ಅಂಕಿಗಳಿದ್ದವು. ಮುನಿವೆಂಕಟಪ್ಪ ಮೀಸೆ ನೀವಿಕೊಂಡು, ತಮ್ಮ ಮೋಲ್ಡಿಂಗ್ ಸುಳ್ಳು ಹೇಳುವುದಿಲ್ಲ ಎಂದರು. ಕೊನೆಯ ಸಾಲಿನಲ್ಲಿ ವಜ್ರಕಾಯ ಟೈರ್ಸ್ ಮುಂದೆ ಏನೂ ಇರಲಿಲ್ಲ. ಇದೇನು ಖಾಲಿ ಎಂದು ಅವರು ಕೇಳಿದಾಗ ನಾನು ಕಿಟಕಿಯ ಕಡೆ ನೋಡಿದೆ. “ಮುಚ್ಚೋಗಿದೆ ಅನ್ಸುತ್ತೆ, ಪಾಪ,” ಎಂದು ಅವರೇ ಮೆಲ್ಲಗೆ ಹೇಳಿದರು.

ಈ ಸುದ್ದಿ ಅಂದೇ ಮಧ್ಯಾಹ್ನ ಹಲ್ಲಿನ ಡಾಕ್ಟರಿಗೆ ಮುಟ್ಟಿತು. ಅವರು ಉಳಿಸಿಕೊಂಡಿದ್ದ ಅರ್ಧ ಷೇರುಗಳು ವಜ್ರಕಾಯದವು. ಬಾಯಿ ತೆರೆದು ಮಲಗಿದ್ದ ಪೇಷಂಟನ್ನು ಹಾಗೇ ಬಿಟ್ಟು ನಮ್ಮ ಆಫೀಸಿಗೆ ಸ್ಕೂಟರಿನಲ್ಲಿ ಬಂದರು. ಬಾಸ್ ಎಷ್ಟು ಹೇಳಿದರೂ ಕೇಳದೆ ಎಲ್ಲವನ್ನೂ ಮಾರಿ, ನನ್ನ ಕೈ ಹಿಡಿದು ಕುಲುಕಿ, ಇನ್ನೊಂದು ಹಲ್ಲು ಕೆಟ್ಟರೂ ಬಂದುಬಿಡಿ ಎಂದು ಹೇಳಿ ಹೋದರು.

ಶುಕ್ರವಾರ ಬೆಳಿಗ್ಗೆ ಕೆಳಗೆ ಓನರ್ ಮನೆಯ ನಡುಮನೆಯಲ್ಲಿ ಜನ ಸೇರಿದ್ದರು. ಲಕ್ಷ್ಮೀ ಪಟದ ಮುಂದೆ ತಟ್ಟೆ, ತಟ್ಟೆಯಲ್ಲಿ ಹದಿನೆಂಟು ಲಕ್ಷದ ಚೆಕ್ಕು, ಅದರ ನಾಲ್ಕು ಮೂಲೆಗೆ ಅರಿಶಿನ. ಅಂಕಿಯ ಮೇಲೆ ಮಾತ್ರ ಹಚ್ಚಬೇಡಿ, ಬ್ಯಾಂಕಿನವರು ತಕರಾರು ಮಾಡುತ್ತಾರೆ ಎಂದು ಮುನಿವೆಂಕಟಪ್ಪ ಕಾವಲಿದ್ದರು. ಅಮರೇಶ ಅರ್ಜಿ ಹಿಡಿದು ಬಂದಿದ್ದ. ಹಲ್ಲಿನ ಡಾಕ್ಟರು ನನಗಾಗಿ ಕುರ್ಚಿ ತಂದು ಹಾಕಿದರು, ತಾವು ನಿಂತರು. ಹತ್ತೂವರೆಯೊಳಗೆ ಚೆಕ್ಕು ಅಮರೇಶನ ಕೈ ಸೇರಬೇಕು, ಆಮೇಲೆ ರಾಹುಕಾಲ.

ಲಕ್ಷ್ಮಿದೇವಮ್ಮ ಗೋಡೆಗೊರಗಿ ಚಾಪೆಯ ಮೇಲೆ ಕುಳಿತಿದ್ದರು. ಆಕೆಗೆ ಓದು ಬಾರದು. ಚೆಕ್ಕು ಹೋಗುವ ಮುಂಚೆ ಕಾಗದದಲ್ಲಿ ಏನಿದೆಯೆಂದು ನನ್ನ ಬಾಯಿಂದಲೇ ಕೇಳಬೇಕು ಎಂದರು. ನನ್ನ ಬಾಯಿಂದ ಮಾತು ಕೇಳುವ ಭಾಗ್ಯ ಬೀದಿಗೆ ಇದೇ ಮೊದಲು.

ವ್ಯಾಪಾರದಿಂದ ಕೈಗೆ ಬಂದ ದುಡ್ಡಿನಲ್ಲಿ ಹೊಸ ಯಂತ್ರ, ಕಟ್ಟಡಕ್ಕೆಂದು ಹಾಕಿದ್ದನ್ನು ಕಳೆದರೆ ಉಳಿಯುವುದು ಇದು ಎಂದು ನಾನು ತೊದಲಿದೆ. ಮುನಿವೆಂಕಟಪ್ಪ, ಹೆಂಗಸರಿಗೆ ಇದೆಲ್ಲ ತಿಳಿಯುವುದು ಕಷ್ಟ ಎಂದರು.

“ಏನ್ ಕಷ್ಟ?” ಎಂದರು ಲಕ್ಷ್ಮಿದೇವಮ್ಮ. “ಹಾಲಿನ ದುಡ್ಡು ಬತ್ತು. ಬೂಸಾದೋನ್ಗೆ ಕೊಟ್ಟೆ, ಹಿಂಡಿಯೋನ್ಗೆ ಕೊಟ್ಟೆ, ಕೊಟ್ಟಿಗೆಗೆ ಶೀಟ್ ಹೊದಿಸ್ದೆ, ಇನ್ನೊಂದು ಹಸ ತಂದೆ. ಆಮ್ಯಾಕೆ ಸೆರಗಿನ ಗಂಟಲ್ಲಿ ಏನು ಉಳೀತು, ಅದು. ಅಲ್ವೇನಪ್ಪ?”

ಅಮರೇಶನ ಬಾಯಿ ತೆರೆದೇ ಇತ್ತು. ಆಫೀಸಿನಲ್ಲಿ ಇದನ್ನು ಅವನು ನನಗೆ ಮಂಗಳವಾರದಿಂದ ಮೂರು ದಿನ ಹೇಳಿಕೊಟ್ಟಿದ್ದ.

“ಓದು,” ಎಂದರು ಆಕೆ. “ಮೊದಲಿಂದ ಓದು.”

ನಾನು ಓದಿದೆ. “ಶ್ರೀ. ಹನ್ನೆರಡು ಕೋಟಿ, ಹದಿನೈದು ಕೋಟಿ, ಹತ್ತೊಂಬತ್ತು ಕೋಟಿ...”

“ನಿಲ್ಸು,” ಎಂದರು ಲಕ್ಷ್ಮಿದೇವಮ್ಮ. “ಶ್ರೀ ಮುಂದೆ ಲೆಕ್ಕ ಯಾರು ಬರೆದ್ರು?”

ಅಲ್ಲಿಯವರೆಗೆ ಈ ಪ್ರಶ್ನೆ ಯಾರಿಗೂ ಬಂದಿರಲಿಲ್ಲ. ಈಗ ಎಲ್ಲರಿಗೂ ಉತ್ತರ ಬಂತು. ಅದು ಇಡೀ ಮಾರ್ಕೆಟ್ಟಿನ ಒಟ್ಟು ಮೊತ್ತ ಎಂದರು ಮುನಿವೆಂಕಟಪ್ಪ. ಸರಾಸರಿ ಇರಬೇಕು ಎಂದರು ಡಾಕ್ಟರು. ವೆಂಕಟರಮಣಪ್ಪನವರು ಪಟದ ಕಡೆ ನೋಡಿ, ಶ್ರೀ ಅಂದರೆ ಲಕ್ಷ್ಮಿ, ಲಕ್ಷ್ಮಿಯ ಹತ್ತಿರ ದುಡ್ಡು ಇರುವುದರಲ್ಲಿ ಆಶ್ಚರ್ಯವೇನು ಎಂದರು. ಇದು ಸಭೆಗೆ ಒಪ್ಪಿಗೆಯಾಯಿತು. ಒಬ್ಬಿಬ್ಬರು ಕೈ ಮುಗಿದರು.

“ಮೂವತ್ತು ವರ್ಷ ಲೆಕ್ಕ ಬರ್ಸಿದೀನಿ,” ಎಂದರು ಲಕ್ಷ್ಮಿದೇವಮ್ಮ. “ಶ್ರೀ ಮುಂದೆ ಒಂದು ಸೊನ್ನೆನೂ ಬರ್ಸಿಲ್ಲ. ಅದು ದೇವರ ಸಾಲು, ಖಾಲಿ ಬುಡಬೇಕು. ಅಲ್ಲೇ ಲೆಕ್ಕ ಕುಂತದೆ ಅಂದ್ರೆ, ಯಾರ್ದೋ ಲೆಕ್ಕ ಜಾಗ ತಪ್ಪಿ ಕುಂತದೆ.”

ಹೇಳಿ ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಾಗದ ನೋಡಿದೆ. ಮೇಲೆ ಶ್ರೀಗೆ ಕೋಟಿಗಟ್ಟಲೆ ಇತ್ತು, ಕೆಳಗೆ ವಜ್ರಕಾಯದ ಕೈ ಬರಿದಾಗಿತ್ತು. ಹತ್ತು ಹೆಸರು ಕೆಳಗಿಳಿದ ಬುಧವಾರದ ಆ ಕ್ಷಣ ನನ್ನ ಕಣ್ಣ ಮುಂದೆ ನಿಧಾನವಾಗಿ ಇನ್ನೊಮ್ಮೆ ನಡೆಯಿತು.

ಗಡಿಯಾರದಲ್ಲಿ ಹತ್ತು ಇಪ್ಪತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ನನ್ನ ಮೌನವನ್ನು ಹೌದು ಎಂದು ಓದಿ, ಚೆಕ್ಕು ಅಮರೇಶನ ಕೈಗೆ ಹೋಗುತ್ತಿತ್ತು. ವೆಂಕಟರಮಣಪ್ಪನವರು ಆಗಲೇ ತಟ್ಟೆಗೆ ಕೈ ಹಾಕಿದ್ದರು. ಡಾಕ್ಟರು ತಲೆಯಾಡಿಸುತ್ತ, ನೋಡಿ, ಅವರೇನೂ ಬೇಡ ಅಂತಿಲ್ಲ ಎಂದರು.

“ತಪ್ಪಾಗಿದೆ ಅಮ್ಮ,” ಎಂದೆ. “ನಾನೇ ಮಾಡಿದ್ದು.”

ಯಾರೂ ನಂಬಲಿಲ್ಲ. ಇದು ನನ್ನ ವಿನಯ ಎಂದು ಡಾಕ್ಟರು ಪಕ್ಕದವರಿಗೆ ವಿವರಿಸಿದರು. ನಾನು ಕುರ್ಚಿಯಿಂದ ಎದ್ದು ಓನರ್ ಕಡೆ ತಿರುಗಿದೆ. ಅವರಿಗೆ ತಿಳಿಯುವ ಹಾಗೆ ಹೇಳಬೇಕಿತ್ತು.

“ಸಾರ್, ನಿಮ್ಮ ಬಿಲ್ಡಿಂಗಲ್ಲಿ ಆರು ಪೋರ್ಷನ್, ಆರು ಮೀಟರ್. ಮೊದಲ್ನೇ ಮನೆಗೆ ಹೊಸಬರು ಬಂದ್ರು ಅಂತ ಎಲ್ಲರನ್ನೂ ಒಂದೊಂದು ಮನೆ ಆಚೆಗೆ ಶಿಫ್ಟ್ ಮಾಡಿಸಿದ್ರಿ ಅಂದ್ಕೊಳ್ಳಿ. ಮೀಟರ್ ಹಳೇ ಲೆಕ್ಕ ಇಟ್ಕೊಂಡು ಇದ್ದಲ್ಲೇ ಇರುತ್ತೆ. ಇಲ್ಲೂ ಹೆಸರು ಮಾತ್ರ ಶಿಫ್ಟ್ ಆಗಿದೆ.”

ವೆಂಕಟರಮಣಪ್ಪನವರ ಕೈ ತಟ್ಟೆಯಲ್ಲೇ ನಿಂತಿತು. ಬಾಡಿಗೆದಾರರ ಕರೆಂಟ್ ಬಿಲ್ಲಿನ ಜಗಳವನ್ನು ಇಪ್ಪತ್ತು ವರ್ಷ ಬಿಡಿಸಿದವರು ಅವರು.

“ಅಂದ್ರೆ ಪಕ್ಕದ್ಮನೆ ಬಿಲ್ಲು ಹೇಮಾದ್ರಿ ಹೆಸ್ರಿಗೆ ಬಂದದೆ?”

“ಹೇರಂಬ ಪಂಪ್ಸ್‌ದು ಸಾರ್.”

“ಹಂಗಾದ್ರೆ ಹೇಮಾದ್ರಿದು ಎಲ್ಲಿ?”

ಅದು ಮುನಿವೆಂಕಟಪ್ಪನವರ ಜೇಬಿನಲ್ಲಿತ್ತು. ಪೂಜೆಯ ಸಾಮಾನಿನ ಪಟ್ಟಿ. ಅವರು ಅದನ್ನು ತೆಗೆದು, ಅರಿಶಿನ ಕುಂಕುಮ, ವೀಳ್ಯದೆಲೆ ಎರಡು ಕಟ್ಟು, ಬಾಳೆಹಣ್ಣು ಎಂಬುದನ್ನೆಲ್ಲ ದಾಟಿ ಮಗುಚಿದರು. ಶ್ರೀ ಇಲ್ಲವೆಂದು ಬೋರಲು ಮಲಗಿಸಿದ್ದ ಲೆಕ್ಕ ಎರಡು ದಿನದ ಮೇಲೆ ಅಂಗಾತವಾಯಿತು. ಹೇಮಾದ್ರಿ ಸ್ಟೀಲ್ಸ್: ಎಂಟು ವರ್ಷದಲ್ಲಿ ಆರು ವರ್ಷ ಅಂಕಿಯ ಮುಂದೆ ಕಳೆಯುವ ಗೆರೆ. ಕೆಳಗೆ ವಜ್ರಕಾಯ ಟೈರ್ಸ್ ಗಟ್ಟಿಮುಟ್ಟಾಗಿ ದುಡ್ಡು ಎಣಿಸುತ್ತ ಕುಳಿತಿತ್ತು. ಡಾಕ್ಟರು ನನಗೆ ಹಾಕಿದ್ದ ಕುರ್ಚಿಯಲ್ಲಿ ತಾವೇ ಕುಳಿತುಬಿಟ್ಟರು. ನಾನು ಎದ್ದದ್ದು ಒಳ್ಳೆಯದಾಯಿತು.

ಮುನಿವೆಂಕಟಪ್ಪನವರಿಗೆ ಮೋಲ್ಡಿಂಗ್ ಮೇಲೆ ಬರಬೇಕಾದ ಸಿಟ್ಟು ನನ್ನ ಮೇಲೆ ಬಂತು. “ಇವನ ಮಾತು ಕಟ್ಕೊಂಡು ಹದಿನೆಂಟು ಲಕ್ಷ ನೀರಿಗೆ ಹಾಕ್ತಿದ್ವಲ್ಲ ಅತ್ತೆ.”

“ಮಾತೆಲ್ಲಿ ಆಡ್ದ?” ಎಂದರು ಲಕ್ಷ್ಮಿದೇವಮ್ಮ. “ಮಾತಾಡಿದ್ದೆಲ್ಲ ನೀವು. ಅವನು ಆಡಿದ್ದು ಈಗೊಂದು, ಅದು ನಿಜ.”

ಆಕೆ ತಟ್ಟೆಯಿಂದ ಚೆಕ್ಕು ತೆಗೆದು, ನಾಲ್ಕು ಮಡಿಕೆ ಮಾಡಿ, ಸೆರಗಿನ ತುದಿಗೆ ಕಟ್ಟಿ ಗಂಟು ಹಾಕಿದರು. ಮಡಿಸಿದರೆ ಬ್ಯಾಂಕಿನವರು ಎಂದು ಮುನಿವೆಂಕಟಪ್ಪ ಬಾಯಿ ತೆರೆದವರು ಮುಚ್ಚಿಕೊಂಡರು. ರಾಹುಕಾಲ ಬಂದು ಹೋಯಿತು. ಪೂಜೆಗೆ ಮಾಡಿದ್ದ ಸಜ್ಜಿಗೆಯನ್ನು ಎಲ್ಲರೂ ತಲೆ ತಗ್ಗಿಸಿ ತಿಂದರು.

ನಾನು ಮಹಡಿಗೆ ಬಂದು ಹಾಸಿಗೆ ಸುತ್ತಿದೆ. ಮನೆ ಖಾಲಿ ಮಾಡಿ ಎನ್ನುವುದನ್ನು ಅವರಿಂದ ಹೇಳಿಸುವುದು ಬೇಡವೆನಿಸಿತ್ತು. ಪಾತ್ರೆ ಚೀಲಕ್ಕೆ ತುಂಬುವಾಗ ಮೆಟ್ಟಿಲ ಮೇಲೆ ನಿಧಾನವಾದ ಸಪ್ಪಳ. ಲಕ್ಷ್ಮಿದೇವಮ್ಮ ಒಂದೊಂದೇ ಮೆಟ್ಟಿಲು ಹತ್ತಿ, ಕೈಯಲ್ಲಿ ಚೊಂಬು ಹಿಡಿದು ಬಂದಿದ್ದರು. ಮಂಡಿ ನೋವಿನಿಂದ ಆಕೆ ಮಹಡಿ ಹತ್ತದೆ ಆರು ವರ್ಷವಾಗಿತ್ತು. ಸುತ್ತಿದ ಹಾಸಿಗೆಯ ಮೇಲೆಯೇ ಕುಳಿತು ಉಸಿರು ತಿರುಗಿಸಿಕೊಂಡರು. ಚೊಂಬಿನಲ್ಲಿ ಬಿಸಿ ಹಾಲಿತ್ತು.

“ಕುಡಿ,” ಎಂದರು.

ಕುಡಿದೆ. ಆಕೆ ಏನೂ ಕೇಳಲಿಲ್ಲ. ಬಹಳ ಹೊತ್ತು ಇಬ್ಬರೂ ಹಾಗೇ ಕುಳಿತಿದ್ದೆವು. ನನ್ನ ಮೌನದಿಂದ ಏನನ್ನೂ ತೆಗೆದುಕೊಂಡು ಹೋಗಲೆಂದು ಬರದೆ, ಸುಮ್ಮನೆ ನನ್ನ ಜೊತೆ ಕುಳಿತವರು ಆ ಬೀದಿಯಲ್ಲಿ ಆಕೆಯೊಬ್ಬರೇ. ಏಳುವಾಗ ನನ್ನ ಭುಜ ಹಿಡಿದು ಎದ್ದು, ಹಾಸಿಗೆ ಬಿಚ್ಚಿ ಹಾಕು ಎಂದು ಹೇಳಿ ಇಳಿದು ಹೋದರು.

ಹದಿನೆಂಟು ಲಕ್ಷ ಬ್ಯಾಂಕಿನ ಠೇವಣಿಗೆ ಹೋಯಿತು. ಜನವರಿಯಲ್ಲಿ ಮಾರ್ಕೆಟ್ ಮಕಾಡೆ ಬಿದ್ದಾಗ ಹೇಮಾದ್ರಿ ಬಿತ್ತು, ಹೇರಂಬ ಬಿತ್ತು, ವಜ್ರಕಾಯವೂ ಬಿತ್ತು. ಎಲ್ಲ ಮಾರಿ ಕುಳಿತಿದ್ದ ಹಲ್ಲಿನ ಡಾಕ್ಟರು ಮತ್ತೆ ನನ್ನ ಕೈ ಕುಲುಕಿ, ಆ ತಪ್ಪನ್ನು ನಾನು ಬೇಕೆಂದೇ ಮಾಡಿದ್ದೆಂದು ಬೀದಿಗೆಲ್ಲ ಸಾರಿದರು. ಈ ಸಲ ನಾನು ಮನೆಮನೆಗೂ ಹೋಗಿ, ಹಾಗಲ್ಲ, ನನಗೆ ಗೊತ್ತಿರಲಿಲ್ಲ ಎಂದು ಬಾಯಿ ಬಿಟ್ಟು ಹೇಳಿದೆ. ಒಟ್ಟು ಹದಿನಾಲ್ಕು ಮನೆ. ಅಷ್ಟು ಮಾತು ನಾನು ಆ ಹಿಂದಿನ ಹತ್ತು ವರ್ಷದಲ್ಲಿ ಆಡಿರಲಿಲ್ಲ.

ಈಗಲೂ ಎಕ್ಸೆಲ್ ತೆರೆದರೆ ಮೊದಲ ಸಾಲಿನಲ್ಲಿ ಶ್ರೀ ಬರೆಯುತ್ತೇನೆ. ಪೆಟ್ಟಿಗೆ ಕೇಳುವ ನಾಲ್ಕು ಪ್ರಶ್ನೆಯನ್ನೂ ಓದಿ, ಇಡೀ ಸಾಲು ಎಂದು ಉತ್ತರ ಕೊಡುತ್ತೇನೆ. ಫಾರ್ಮುಲಾ ಎಳೆದ ಮೇಲೆ ಅಂಕಿಗಳ ಕಡೆ ಕಣ್ಣು ಹಾಯಿಸುವ ಮೊದಲು ಶ್ರೀ ಪಕ್ಕದ ಮನೆ ನೋಡುತ್ತೇನೆ. ಅದು ಖಾಲಿಯಿದ್ದರೆ ಕೈ ಮುಗಿಯಬೇಕೆನಿಸುತ್ತದೆ. ಆಫೀಸಿನಲ್ಲಿ ಜನರಿರುತ್ತಾರೆಂದು ಮುಗಿಯುವುದಿಲ್ಲ.

ಒಂದು ದಿನ ಬಾಸ್ ಪ್ರಿಂಟ್ ಹಿಡಿದು ಬಂದು, ಮೊದಲ ಸಾಲಿನಲ್ಲಿ ಶ್ರೀಯಿಂದಾಚೆ ಉದ್ದಕ್ಕೂ ಬೆರಳೆಳೆದು ಕೇಳಿದರು. “ಏನ್ರೀ ಗೋಪೀನಾಥ್, ಇಲ್ಲಿ ಏನೂ ಇಲ್ವಲ್ರೀ?”

“ಇಲ್ಲ ಸಾರ್,” ಎಂದೆ. “ಅದಕ್ಕೇ ಉಳಿದದ್ದೆಲ್ಲ ಸರಿಯಾಗಿದೆ.”